ಅಟ್ಟದ ಮೇಲೆ ಮಲಗಿದ ಮೀನುಗಳು

ಗಂಡಸಾದವನಿಗೆ ಒಂದು ಹವ್ಯಾಸ ಬೇಡವೇ, ನೀವೇ ಹೇಳಿ. ನನ್ನ ಹೆಂಡತಿಯನ್ನು ಮಾತ್ರ ಕೇಳಬೇಡಿ. ನಾನು ಗಡಿಯಾರ ರಿಪೇರಿ ಮಾಡುವವನು. ಇಡೀ ದಿನ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಊರಿನವರ ಕೆಟ್ಟ ಕಾಲವನ್ನು ಸರಿಮಾಡುತ್ತೇನೆ (ನನ್ನದನ್ನು ಸರಿಮಾಡುವವರು ಇನ್ನೂ ಸಿಕ್ಕಿಲ್ಲ). ಹೀಗಿರುವಾಗ ಪಕ್ಕದ ಬಣ್ಣದ ಮೀನಿನ ಅಂಗಡಿಯಲ್ಲಿ ಒಂದು ಜೊತೆ ಕಿಲ್ಲಿಮೀನು ಕಣ್ಣಿಗೆ ಬಿತ್ತು. ಕಿರುಬೆರಳಿಗಿಂತ ಚಿಕ್ಕವು. ಮೈತುಂಬ ನೀಲಿ ಚುಕ್ಕೆಯ ಗಂಡು ತನ್ನ ಕೆಂಪು ಬಾಲ ಬೀಸುತ್ತ ಹೆಣ್ಣಿನ ಸುತ್ತ ತಿರುಗುತ್ತಿತ್ತು. ಆಕೆ ತಿರುಗಿಯೂ ನೋಡುತ್ತಿರಲಿಲ್ಲ. ನನಗೆ ಆ ಗಂಡಿನ ಮೇಲೆ ಆ ಕ್ಷಣವೇ ಅಣ್ಣತಮ್ಮಂದಿರ ಪ್ರೀತಿ ಹುಟ್ಟಿತು.

ನಮ್ಮ ಮನೆಯಲ್ಲಿ ಬಿಸಿಲು ಚೆನ್ನಾಗಿ ಬೀಳುವ ಕಿಟಕಿ ಒಂದೇ. ಗಾಜಿನ ತೊಟ್ಟಿಯನ್ನು ಅದರ ಅಗಲವಾದ ಕಟ್ಟೆಯ ಮೇಲೆ ಪ್ರತಿಷ್ಠಾಪಿಸಿದೆ. ಸಂಜೆಬಿಸಿಲು ನೀರಿಗಿಳಿದು ಆ ಬಾಲ ಹೊಳೆಯಿತೆಂದರೆ ನಾನು ಎಲ್ಲೋ ತೇಲಿಹೋಗುತ್ತಿದ್ದೆ. ನನ್ನನ್ನು ನಂಬಿ ಒಲೆಯ ಮೇಲಿಟ್ಟ ಹಾಲೂ ಉಕ್ಕಿಹೋಗುತ್ತಿತ್ತು.

ಆದರೆ ಈ ಜಾತಿಯ ಆಯುಸ್ಸು ಕೆಲವೇ ತಿಂಗಳು. ಬೇಸಿಗೆಗೆ ಬತ್ತುವ ಹೊಂಡಗಳಲ್ಲಿ ಹುಟ್ಟಿ, ಕೆಸರಿನಲ್ಲಿ ಮೊಟ್ಟೆಯಿಟ್ಟು, ಹೊಂಡದ ಜೊತೆಗೆ ತಾವೂ ಮುಗಿದುಹೋಗುತ್ತವಂತೆ. ಮೊಟ್ಟೆಗಳು ಮಾತ್ರ ಮಣ್ಣಿನೊಳಗೆ ಮಲಗಿ ಮಳೆಗೆ ಕಾಯುತ್ತವೆ. ನನ್ನ ಜೋಡಿಯೂ ಒಂದರ ಹಿಂದೊಂದು ಹೊರಟುಹೋಯಿತು. ನನಗೆ ನಿಜವಾಗಿಯೂ ಅಳು ಬಂತು. ಅಂಗಡಿಯವನು ಹೇಳಿಕೊಟ್ಟಂತೆ, ತೊಟ್ಟಿಯ ತಳಕ್ಕೆ ಹಾಸಿದ್ದ, ಅವು ಮೊಟ್ಟೆಯಿಟ್ಟಿದ್ದ ತೆಂಗಿನನಾರಿನ ಪುಡಿಯನ್ನು ಹಿಂಡಿ, ಚೀಲದಲ್ಲಿ ಕಟ್ಟಿ, ಅಟ್ಟದ ಕತ್ತಲಲ್ಲಿ ಇಟ್ಟೆ.

“ಮೀನು ಸತ್ತವಲ್ಲ, ಇನ್ನು ಕಿಟಕಿ ನನಗೆ ಬಿಡ್ರೀ. ನೈದಿಲೆ ಟಬ್ ಇಡಬೇಕು,” ಎಂದಳು ಹೆಂಡತಿ.

“ಎಲ್ಲ ಸತ್ತಿಲ್ಲ ಕಣೇ. ಮಕ್ಕಳು ಅಟ್ಟದ ಮೇಲೆ ಮಲಗಿವೆ.”

“ಮೀನು? ಅಟ್ಟದ ಮೇಲೆ? ಚೀಲದಲ್ಲಿ?”

“ಕನಸು ಕಾಣ್ತಾ ಇವೆ.”

“ಅವೂನಾ!”

ಕೊನೆಗೆ ಒಂದು ಒಪ್ಪಂದವಾಯಿತು. ಆ ಚೀಲದಿಂದ ಮೀನು ಹುಟ್ಟಿದರೆ ಕಿಟಕಿ ಶಾಶ್ವತವಾಗಿ ನನ್ನದು. ಹುಟ್ಟದಿದ್ದರೆ ತೊಟ್ಟಿ ಗುಜರಿಗೆ, ಕಿಟಕಿ ನೈದಿಲೆಗೆ. (ಇಲ್ಲೊಂದು ವಿಷಯ ಹೇಳಬೇಕು. ನನ್ನ ಹೆಂಡತಿ ಆರೋಗ್ಯ ಇಲಾಖೆಯವಳು. ಮನೆಮನೆಗೆ ಹೋಗಿ, ನಿಂತ ನೀರಿನಲ್ಲಿ ಸೊಳ್ಳೆಮರಿ ಹುಡುಕಿ, ಚೆಲ್ಲಿಸಿ, ಮನೆಯವರಿಗೆ ಚೆನ್ನಾಗಿ ಬೈದು ಬರುವುದು ಅವಳ ಉದ್ಯೋಗ.)

ತಿಂಗಳುಗಳು ಕಳೆದು ಮೊಟ್ಟೆಗಳನ್ನು ಎಬ್ಬಿಸುವ ಆ ಮಹಾದಿನ ಬಂತು. ಏಣಿ ಹತ್ತಿದೆ.

“ಹೇಗೂ ಹತ್ತಿದೀರಲ್ಲ, ನನ್ನ ನೈದಿಲೆಗೆ ಅಂತ ಇಟ್ಟಿರೋ ನಾರಿನ ಪುಡಿ ಚೀಲಾನೂ ಕೊಡಿ,” ಎಂದಳು ಕೆಳಗಿನಿಂದ.

ಕೊಟ್ಟೆ. ನನ್ನ ತಲೆಯೊಳಗೆ ಆಗಲೇ ಮಳೆ ಸುರಿಯುತ್ತಿತ್ತು. ಒಣಗಿದ ಹೊಂಡ ತುಂಬುತ್ತಿತ್ತು, ನೀಲಿ ಚುಕ್ಕೆಗಳು ಒಂದೊಂದಾಗಿ ಕಣ್ಣುಬಿಡುತ್ತಿದ್ದವು. ಇನ್ನೊಂದು ಚೀಲವನ್ನು ಎಳೆಮಗುವಿನಂತೆ ಎದೆಗವಚಿಕೊಂಡು ಇಳಿದೆ. ಅವಳು ಜಗಲಿಯ ಟಬ್ಬಿಗೆ ತನ್ನ ಚೀಲದ ಪುಡಿ ಹಾಕಿ, ಗಡ್ಡೆ ಊರಿ ನೀರು ತುಂಬಿದಳು. ನಾನು ಕಿಟಕಿಯ ತೊಟ್ಟಿಗೆ ಪುಡಿ ಸುರಿದು ನೀರು ಹಾಕಿದೆ.

ಕೆಲವು ದಿನ ಏನೂ ಇಲ್ಲ. ಆಮೇಲೆ ಒಂದು ಬೆಳಗ್ಗೆ ನೋಡುತ್ತೇನೆ, ಕೂದಲೆಳೆಯಂಥ ಮರಿಗಳು ಕೊಂಕಿ ಕೊಂಕಿ ಕುಣಿಯುತ್ತಿವೆ! ಭೂತಗನ್ನಡಿ ಹಾಕಿ ನೋಡಿದೆ. ಒಂದಕ್ಕೆ ಥೇಟ್ ಅಪ್ಪನ ಮುಖ, ಇನ್ನೊಂದಕ್ಕೆ ಅಮ್ಮನ ಬಿಗುಮಾನ. ಎಲ್ಲವೂ ತಲೆಕೆಳಗಾಗಿ ನೇತಾಡುತ್ತಿದ್ದವು. ಹುಟ್ಟಿದ ಸಂಭ್ರಮವಿರಬೇಕು ಎಂದುಕೊಂಡೆ. ಹೆಂಡತಿ ಹತ್ತಿರ ಬಂದರೆ ಸಾಕು, ತೊಟ್ಟಿಗೆ ಟವೆಲು ಹೊದಿಸಿಬಿಡುತ್ತಿದ್ದೆ.

“ನೆರಳು ಬೀಳಿಸಬೇಡ ಮಾರಾಯ್ತಿ, ಮರಿಗಳು ಹೆದರ್ತವೆ. ಬಣ್ಣ ಬರಲಿ, ನಾನೇ ಕರೀತೀನಿ.”

“ನಿಮ್ಮ ಮರಿ ನೀವೇ ಇಟ್ಕೊಳ್ಳಿ. ನನ್ನ ಟಬ್ ನೋಡಿ, ಔಷಧಿಗೂ ಒಂದು ಸೊಳ್ಳೆಮರಿ ಇಲ್ಲ!” ಎಂದು ಅವಳು ಬೀಗಿದಳು.

ಒಪ್ಪಂದಕ್ಕೆ ಸಾಕ್ಷಿಯಾಗಲೆಂದು ಅಂಗಡಿಯವನನ್ನೇ ಕರೆಸಿದೆ. ಹೆಂಡತಿಯನ್ನೂ ನಿಲ್ಲಿಸಿಕೊಂಡು, ನಾಟಕದ ಪರದೆ ಏರಿಸುವ ಗತ್ತಿನಲ್ಲಿ ಟವೆಲು ಎತ್ತಿದೆ. ನನ್ನ ಮರಿಗಳು ಗುಂಯ್ ಎಂದು ಹಾರಿದವು. ಒಂದು ನನ್ನ ಮೂಗಿನ ಮೇಲೆ ಕುಳಿತು ಸಾಕಿದವನ ರಕ್ತದ ರುಚಿ ನೋಡಿತು.

“ಸಾರ್,” ಎಂದ ಅಂಗಡಿಯವನು ಮೆಲ್ಲಗೆ, “ನಮ್ಮ ಮೀನಿಗೆ ರೆಕ್ಕೆ ಬರಲ್ಲ.”

“ಊರಿಗೆಲ್ಲ ಬುದ್ಧಿ ಹೇಳೋಳು ನಾನು! ನನ್ನ ಮನೇಲೇ ಸೊಳ್ಳೆಗೆ ಬಾಣಂತನ ಮಾಡಿದ್ರಲ್ಲ!” ಹೆಂಡತಿ ತೊಟ್ಟಿಯನ್ನು ಎತ್ತಿಕೊಂಡು ಹೋಗಿ ಅಂಗಳಕ್ಕೆ ಚೆಲ್ಲಿದಳು.

ನನಗೆ ಬೈಗುಳ ಕೇಳಿಸಲೇ ಇಲ್ಲ. ಆ ನೀಲಿ ಚುಕ್ಕೆಯವನ ವಂಶ ನನ್ನ ಕೈಯಲ್ಲೇ ಮುಗಿಯಿತಲ್ಲ ಎಂಬುದೊಂದೇ ಚಿಂತೆ. ಅಷ್ಟರಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಅಂಗಡಿಯವನು ಜಗಲಿಯಿಂದ ಕೂಗಿದ.

“ಅಕ್ಕಾ, ಈ ನೈದಿಲೆ ಟಬ್ಬಿಗೆ ಕಿಲ್ಲಿಮೀನು ಯಾವಾಗ ಬಿಟ್ರಿ?”

ಓಡಿದೆವು. ಎಲೆಯ ನೆರಳಿನಲ್ಲಿ ಪುಟ್ಟ ಪುಟ್ಟ ಮರಿಗಳು ಸುಳಿದಾಡುತ್ತಿದ್ದವು. ಒಂದರ ಬಾಲದಲ್ಲಿ ಆಗಲೇ ಕೆಂಪಿನ ಸುಳಿವು. ಏಣಿ, ಚೀಲ, ತಲೆಯೊಳಗಿನ ಮಳೆ ಎಲ್ಲವೂ ನೆನಪಾದವು.

“ನನ್ನ ಚೀಲ! ನನ್ನ ಮೀನು! ಕಿಟಕಿ ನನ್ನದು!” ಎಂದು ಕುಣಿದೆ.

“ಆ ಚೀಲ ನನ್ನ ಕೈಗೆ ಕೊಟ್ಟಿದ್ದು ಯಾರು?”

“ನಾನೇ.”

“ಇಷ್ಟು ದಿನ ನೀವು ಸಾಕಿದ್ದು ಏನು?”

ಉತ್ತರವಾಗಿ ಮೂಗು ತುರಿಸಿಕೊಂಡೆ.

ಈಗ ಕಿಟಕಿಯಲ್ಲಿ ನೈದಿಲೆಯೂ ಇದೆ, ಮೀನೂ ಇದೆ. ಎರಡೂ ಅವಳವೇ. ಸಂಜೆಬಿಸಿಲು ನೀರಿಗಿಳಿಯುವ ಹೊತ್ತಿಗೆ ಅವಳು ಕೆಲಸದಿಂದ ಬಂದು, ಕೈಚೀಲವನ್ನೂ ಇಳಿಸದೆ, ಗಲ್ಲಕ್ಕೆ ಕೈಕೊಟ್ಟು ಕೂತುಬಿಡುತ್ತಾಳೆ. ನಾನು ಹಿಂದಿನಿಂದ ಇಣುಕಿದರೆ ತಲೆಯೆತ್ತದೆ ಹೇಳುತ್ತಾಳೆ.

“ನೆರಳು ಬೀಳಿಸಬೇಡಿ, ಮರಿಗಳು ಹೆದರ್ತವೆ. ಹೋಗಿ, ಒಲೆ ಮೇಲೆ ಹಾಲಿದೆ ನೋಡಿ.”