ಕಾರು ಬದಲಿಸಿದವರು, ವಿಮೆ ಕಲಿಸಿದವರು

ಜನ ಹಳೇ ಕಾರು ಮಾರಿ ಬೇರೆ ಕಾರು ಕೊಳ್ಳುತ್ತಿರುವ ತನಕ ನನ್ನಂಥ ವಿಮೆ ಏಜೆಂಟನ ಆಫೀಸಿನಲ್ಲಿ ನಗುವಿಗೆ ಬರವಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ನನ್ನದೊಂದು ಚಿಕ್ಕ ಕೋಣೆ, ಎರಡು ಬೆಂಚು. ನಾನು ವಿಮೆ ಕಲಿತದ್ದು ಕಂಪನಿಯ ತರಬೇತಿಯಲ್ಲಿ ಅಂತ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ, ಆ ಬೆಂಚುಗಳ ಮೇಲೆ ಕೂತವರಿಂದ.

೧. ಹಗ್ಗ

ಮರಳವಾಡಿ ಕಡೆಯ ರೈತರೊಬ್ಬರು ಕಾರು ಮಾರಿದ್ದರು. ಕೊಂಡವನನ್ನೂ ತಮ್ಮ ತಾಯಿಯನ್ನೂ ಕರೆದುಕೊಂಡೇ ಬಂದರು. ಐದು ವರ್ಷ ಪರಿಹಾರ ಕೇಳದೆ ಕಾರು ಓಡಿಸಿದ್ದಕ್ಕೆ ಅವರಿಗೆ ಕಂತಿನಲ್ಲಿ ಒಳ್ಳೇ ರಿಯಾಯಿತಿ ಇತ್ತು. ನಾವು ಅದನ್ನು ನೋ ಕ್ಲೇಮ್ ಬೋನಸ್ ಅನ್ನುತ್ತೇವೆ. ಕಾರು ಮಾರಿದರೂ ಅದು ಮಾರಿದವರದೇ, ಅವರ ಮುಂದಿನ ಕಾರಿಗೆ ಹೋಗುತ್ತದೆ.

ಕೊಂಡವನು ಒಪ್ಪಲಿಲ್ಲ. "ಕಾರು ನಂದಾದ್ಮೇಲೆ ಅದೂ ನಂದೇಯ. ಇಲ್ದಿದ್ರೆ ನಂಗೆ ಕಾರೇ ಬ್ಯಾಡ" ಅಂದ. ನಾನು ಅರ್ಧ ಗಂಟೆ ನಿಯಮ ಹೇಳಿದೆ. ಅವನು ಎದ್ದು ಹೊರಟೇಬಿಟ್ಟ.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ರೈತರ ತಾಯಿ ಬಾಗಿಲಲ್ಲಿದ್ದ ಅವನನ್ನು ಕರೆದು ಕೇಳಿದರು: "ಇಲ್ ಕೇಳಪ್ಪ. ಎತ್ತು ಮಾರ್ದೋನು ಹಗ್ಗ ಕೊಟ್ಟೋಯ್ತಾನಾ?"

"ಇಲ್ಲ ಕಣಜ್ಜಿ, ಬಿಚ್ಕೊಂಡೋಯ್ತಾನೆ."

"ಇದೂ ಅಂಗೇಯ. ಎತ್ತು ನಿಂದು, ಹಗ್ಗ ನಮ್ದು."

ಅವನು ವಾಪಸ್ ಬಂದು ಕೂತ. ನನ್ನ ಅರ್ಧ ಗಂಟೆಯ ಪಾಠ ಒಂದು ಹಗ್ಗದಲ್ಲಿ ಮುಗಿದಿತ್ತು. "ಹಂಗಾರೆ ನಂಗೇನೂ ಇಲ್ವಾ?" ಅಂತ ಮೆತ್ತಗೆ ಕೇಳಿದ.

ಅಜ್ಜಿ ಅವನ ಬೆನ್ನು ತಟ್ಟಿದರು. "ಅಯ್ದು ವರ್ಸ ಒಸಿ ನಿಧಾನಕ್ಕೆ ಓಡ್ಸು ಮಗ, ನೀನೂ ಒಂದು ಹಗ್ಗ ಹೊಸೀಬೋದು."

೨. ಹೆಸರು ನಂದು

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಸಾಬರೊಬ್ಬರು ಹೊಸ ವ್ಯಾನು ತಂದು, ಹಳೇ ಕಾರನ್ನು ಹೆಂಡತಿಯ ತಮ್ಮನಿಗೆ ಮಾರಿದರು. ಆರ್‌ಸಿ, ಪಾಲಿಸಿ ಎರಡೂ ಅವನ ಹೆಸರಿಗೆ ಬರುವವರೆಗೆ ಏನಾದರೂ ಆದರೆ ತಲೆನೋವು ನಿಮಗೇ ಅಂತ ನಾನು ಹೇಳಿದ್ದೆ. ಹೀಗೆ ಹೇಳಿದ್ದನ್ನು ನನ್ನ ಅನುಭವದಲ್ಲಿ ಅಕ್ಷರಶಃ ಪಾಲಿಸಿದವರು ಅವರೊಬ್ಬರೇ. ಕಾರು ಕೊಟ್ಟರು, ಕೀ ಕೊಡಲಿಲ್ಲ.

ಕಾಗದ ಆಗುವುದು ತಡವಾಯಿತು. ಬಾಮೈದ ದಿನಾ ಬೆಳಿಗ್ಗೆ ಬಂದು, ಸಾಬರ ಮನೆ ಮುಂದೆ ನಿಂತಿದ್ದ ಕಾರಿನಲ್ಲೇ ಕೂತು ಪೇಪರ್ ಓದುತ್ತಿದ್ದ. "ಭಾಯ್, ಇವತ್ತಾದ್ರೂ ಒಂದು ರೌಂಡ್?"

"ಕೂತ್ಕೊ, ಕಾರು ನಿಂದೇ. ಓಡಿಸ್ಬೇಡ, ಹೆಸರು ನಂದು."

ಮನೆಯವರೆಲ್ಲ ಬೈದರು, ಅತ್ತೆ ಮನೆಯಿಂದ ಫೋನ್ ಬಂತು. ಸಾಬರು ಅಲ್ಲಾಡಲಿಲ್ಲ. ಇಪ್ಪತ್ತು ದಿನದ ಮೇಲೆ ನಾನು ಕಾಗದ ತಂದುಕೊಟ್ಟಾಗ ಅವರೇ ಬಾಮೈದನನ್ನು ಅಪ್ಪಿಕೊಂಡು ಕೀ ಕೊಟ್ಟರು. ಅಷ್ಟು ದಿನ ನಿಂತಿದ್ದ ಕಾರು ಸ್ಟಾರ್ಟೇ ಆಗಲಿಲ್ಲ. ಅವನು ಸ್ಟೀರಿಂಗ್ ಹಿಡಿದ, ಸಾಬರೂ ನಾನೂ ಹಿಂದಿನಿಂದ ತಳ್ಳಿದೆವು.

ತಳ್ಳುತ್ತಾ ಸಾಬರು ನನ್ನ ಕಿವಿಯ ಹತ್ತಿರ ಕೇಳಿದರು: "ಸಾರ್, ಈಗ ಎಲ್ಲಾದ್ರೂ ಗುದ್ದಿದ್ರೆ ಅದು ಅವನ ಹೆಸರಿಗೆ ತಾನೇ?"

"ಹೌದು, ಪೂರ್ತಿ ಅವನದೇ."

"ಹಂಗಾದ್ರೆ ಜೋರಾಗಿ ತಳ್ಳಿ."

೩. ಮೇಡಂ ಅವರ ಪಟ್ಟಿ

ಮಾಗಡಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಡಂ ಒಬ್ಬರು ಒಂಬತ್ತು ವರ್ಷದ ಕಾರು ಕೊಟ್ಟು ಹೊಸದು ತೆಗೆದುಕೊಳ್ಳುವವರಿದ್ದರು. ಮರುದಿನವೇ ಡೆಲಿವರಿ. ಬೋನಸ್ಸನ್ನು ಹೊಸ ಕಾರಿಗೆ ವರ್ಗ ಮಾಡುವ ಫಾರಂ ಮುಂದಿಟ್ಟು, "ಇಲ್ಲೊಂದು ಸೈನ್ ಹಾಕಿ ಮೇಡಂ" ಅಂದೆ. ಬೇರೆಯವರಾಗಿದ್ದರೆ ಓದದೆ ಹಾಕುತ್ತಿದ್ದರು. ಇವರು ಕನ್ನಡಕ ಏರಿಸಿ ಕೊನೇ ಸಾಲಿನವರೆಗೂ ಓದಿ, ಪೆನ್ನು ಕೆಳಗಿಟ್ಟರು.

"ನನಗೆ ಈ ಬೋನಸ್ ಬೇಡ. ನಾನು ಗುದ್ದಿದ್ದೀನಿ."

ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಗೆರೆ ಹಾಕಿ, ಕ್ರಮಸಂಖ್ಯೆ ಕೊಟ್ಟು ಬರೆದ ಪಟ್ಟಿ: ಒಂದು, ನಮ್ಮ ಮನೆ ಗೇಟು. ಎರಡು, ಅದೇ ಗೇಟು. ಮೂರು, ಹುಣಸೇಮರ. ನಾಲ್ಕು, ಹಾಲಿನ ಡೇರಿಯ ಕಟ್ಟೆ. ಐದು, ಹೆಡ್‌ಮಾಸ್ಟರ ಸ್ಕೂಟರು. ಐದನೆಯದು ಮಾತ್ರ ಕೆಂಪು ಇಂಕಿನಲ್ಲಿತ್ತು.

"ಇದ್ಯಾಕೆ ಕೆಂಪು?"

"ಅದೊಂದು ನನ್ನ ತಪ್ಪಲ್ಲ. ಆದರೂ ಬರೆದಿದ್ದೀನಿ."

ಗುದ್ದಿದ್ದನ್ನು ಮುಚ್ಚಿಡುವವರನ್ನು ಬೇಕಾದಷ್ಟು ಕಂಡಿದ್ದೆ. ಪಟ್ಟಿ ಮಾಡಿ ತಂದವರನ್ನು ನೋಡಿದ್ದು ಅದೇ ಮೊದಲು. ಎದ್ದು ನಿಂತು ಕೈ ಮುಗಿಯೋಣ ಅನ್ನಿಸಿತು. "ಯಾವುದಕ್ಕಾದರೂ ಕಂಪನಿಯಿಂದ ಪರಿಹಾರ ಕೇಳಿದ್ರಾ ಮೇಡಂ?" ಅಂದೆ.

"ನಾನು ಗುದ್ದಿದ್ದಕ್ಕೆ ಅವರನ್ನ ಯಾಕೆ ಕೇಳಲಿ? ಎಲ್ಲ ನಾನೇ ರಿಪೇರಿ ಮಾಡಿಸಿಕೊಟ್ಟೆ. ಸ್ಕೂಟರನ್ನೂ."

"ಹಾಗಾದರೆ ಧೈರ್ಯವಾಗಿ ಸೈನ್ ಹಾಕಿ. ಗುದ್ದಿದಿರೋ ಇಲ್ಲವೋ ಅಂತ ಫಾರಂ ಕೇಳೋದಿಲ್ಲ. ಪರಿಹಾರ ಕೇಳಿದಿರಾ ಅಂತ ಮಾತ್ರ ಕೇಳುತ್ತೆ."

ಮೇಡಂ ಮತ್ತೊಮ್ಮೆ ಓದಿದರು. ಲೆಕ್ಕದ ಉತ್ತರ ಸರಿಬಂದವರಂತೆ ತಲೆಯಾಡಿಸಿ, ದುಂಡಗೆ ಸೈನ್ ಹಾಕಿದರು. ನಂತರ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮೊದಲೇ ಹಾಗೆ ಹೇಳಬಾರದೇನ್ರಿ? ಇದು ಗುದ್ದದೆ ಇದ್ದದ್ದಕ್ಕೆ ಕೊಡೋ ಬೋನಸ್ ಅಲ್ಲ. ಗುದ್ದಿ ಬಾಯಿ ಮುಚ್ಕೊಂಡಿದ್ದದ್ದಕ್ಕೆ ಕೊಡೋದು."