ನೌಕೆಗಳ ಕುಲ

ತಾಂಬೂಲದ ಪಟ್ಟಿಯ ನಾಲ್ಕು ಮೂಲೆಗೆ ಅರಿಸಿನ ಹಚ್ಚುವಾಗ ರುಕ್ಮಣಿಗೆ ಹಾಳೆ ತಪ್ಪಿತು. ಅವಳ ಮೇಲೆ ತಪ್ಪು ಹೊರಿಸುವಂತಿಲ್ಲ. ಪೆಟ್ಟಿಗೆಯ ಮೇಲೆ ಎರಡು ಹಾಳೆಗಳಿದ್ದವು, ಎರಡರಲ್ಲೂ ಕನ್ನಡದ ಬರಹವಿತ್ತು, ಅವಳಿಗೆ ಕನ್ನಡ ಮಾತಾಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ತಮಿಳು ಸೀಮೆಯ ಕರುಮತ್ತಂಪಟ್ಟಿಯ ಆ ಬೀದಿಯ ಅರವತ್ತು ಮನೆಯಲ್ಲೂ ಮಗ್ಗವಿತ್ತು, ಕನ್ನಡವಿತ್ತು; ಕನ್ನಡದ ಅಕ್ಷರ ಬಲ್ಲವನು ಮಾತ್ರ ಅವಳ ಗಂಡ ಮೈಲ್‌ಸಾಮಿ ಒಬ್ಬನೇ.

ಅಕ್ಷರವನ್ನು ಅವನು ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿ ಕಲಿತಿದ್ದ. ಬೀದಿಗೆ ಅದರಿಂದ ಒಂದೇ ಉಪಯೋಗ. ನಿಶ್ಚಯದ ದಿನ ಯಾವ ಮನೆಗೆ ಮೊದಲು ತಾಂಬೂಲ, ಯಾವ ಮನೆಗೆ ಆಮೇಲೆ ಎಂಬುದನ್ನು ಹಿರಿಯರ ಭಾಷೆಯಲ್ಲೇ ಬರೆದು ಸಭೆಯಲ್ಲಿ ಓದಬೇಕೆಂಬುದು ಅಲ್ಲಿನ ಪದ್ಧತಿ. ಬರೆಯುವವನೂ ಓದುವವನೂ ಮೈಲ್‌ಸಾಮಿಯೇ. ಆದರೆ ಅವನು ಇನ್ನೊಂದನ್ನೂ ಬರೆಯುತ್ತಿದ್ದ. ನಮ್ಮ ದೇಶದವನೊಬ್ಬ ಮೊದಲ ಬಾರಿಗೆ ಆಕಾಶಕ್ಕೆ ಹೋಗಿಬಂದ ವರ್ಷ ಅದು. ಅಂದಿನಿಂದ ಮೈಲ್‌ಸಾಮಿ ಬೆಂಗಳೂರಿನ ಮಾಸಪತ್ರಿಕೆಯೊಂದಕ್ಕೆ ಕಳಿಸಲೆಂದು, ನಕ್ಷತ್ರಗಳ ನಡುವೆ ಸಾವಿರಾರು ನೌಕೆಗಳು ಓಡಾಡುವ ಕತೆಯೊಂದನ್ನು ಕಟ್ಟುತ್ತಿದ್ದ. ಯಾವ ನೌಕೆಗೆ ಯಾವ ಕೆಲಸ ಎಂದು ವಿಂಗಡಿಸಿ ಒಂದು ಪಟ್ಟಿ ಮಾಡಿದ್ದ. ದರ್ಜೆ ಎಂಬರ್ಥದ ತಮಿಳಿನ ‘ವಗುಪ್ಪು’ ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಮೂರು ದಿನ ಯೋಚಿಸಿ ‘ಕುಲ’ ಎಂದು ಬರೆದಿದ್ದ.

ಈಗ ನಿಶ್ಚಯ ಅವನ ಮಗಳು ಶಿವಗಾಮಿಯದೇ. ಹಿಂದೆ ಮೂರು ಸಂಬಂಧಗಳು ಬಾಗಿಲವರೆಗೆ ಬಂದು ತಿರುಗಿಹೋಗಿದ್ದವು. ಈ ನಾಲ್ಕನೆಯದು ತಿರುಪ್ಪೂರಿನ ಗೋಪಾಲಸಾಮಿಯ ಮಗ ದೇವರಾಜನ್. ಬನಿಯನ್ ಕಂಪನಿಯಲ್ಲಿ ಮೇಲ್ವಿಚಾರಕ. ಹುಡುಗಿಗೂ ಹುಡುಗನಿಗೂ ಮನಸ್ಸಿತ್ತು. ಇದೂ ತಪ್ಪಿದರೆ ಮುಂದೇನು ಎಂದು ಮೈಲ್‌ಸಾಮಿ ವಾರದಿಂದ ನಿದ್ದೆ ಮಾಡಿರಲಿಲ್ಲ. ಶುಕ್ರವಾರ, ಹತ್ತೂವರೆಗೆ ರಾಹುಕಾಲ ಹುಟ್ಟುತ್ತದೆ. ಅಷ್ಟರೊಳಗೆ ಎರಡು ಮನೆಯವರ ತಾಂಬೂಲದ ತಟ್ಟೆ ಬದಲಾಗಬೇಕು.

ಹೆಣ್ಣಿನ ತಂದೆ ಕೈಯಲ್ಲಿ ತಟ್ಟೆ ಹಿಡಿದು ನಿಲ್ಲಬೇಕಾದ್ದರಿಂದ ಪಟ್ಟಿ ಓದಲು ಬೇರೊಬ್ಬರು ಬೇಕಾದರು. ಸೋಮನೂರಿನ ಬ್ಯಾಂಕಿಗೆ ಹಾಸನದಿಂದ ವರ್ಗವಾಗಿ ಬಂದಿದ್ದ ಆಫೀಸರೊಬ್ಬರನ್ನು ಕರೆತಂದಿದ್ದರು. ಅವರು ಕನ್ನಡಕ ಏರಿಸಿ, ನಾಟಕದ ಸೂತ್ರಧಾರನಂತೆ ಗಂಟಲು ಸರಿಮಾಡಿಕೊಂಡು ಓದಿದರು.

“ಒಂದನೇ ಕುಲ. ಎಲ್ಲಕ್ಕಿಂತ ಮುಂದೆ ನಡೆಯುವವು. ಎದುರು ಬಂದದ್ದನ್ನು ಸುಟ್ಟುಬಿಡುವವು. ಇವಕ್ಕೆ ಉಳಿದವೆಲ್ಲ ದಾರಿ ಬಿಡತಕ್ಕದ್ದು.”

ಮೈಲ್‌ಸಾಮಿಯ ಕೈಯ ತಟ್ಟೆಯಲ್ಲಿ ತೆಂಗಿನಕಾಯಿ ಉರುಳಿತು. ಬಾಯಿ ತೆರೆದ. ಬೀದಿಯ ಯಜಮಾನ ಪೊನ್ನುಸಾಮಿ, ಸುಮ್ಮನಿರು ಎಂದು ಕಣ್ಣಿನಲ್ಲೇ ಗದರಿದ. ಮನುಷ್ಯರನ್ನು ‘ಅವು’ ಎನ್ನುವುದು ಈ ಕಡೆಯ ಕನ್ನಡವಿರಬೇಕೆಂದುಕೊಂಡು ಆಫೀಸರು ಮುಂದುವರಿಸಿದರು.

“ಎರಡನೇ ಕುಲ. ಹೊಟ್ಟೆ ದೊಡ್ಡದು, ನಡಿಗೆ ನಿಧಾನ. ಎಷ್ಟು ತುಂಬಿದರೂ ಒಳಗೆ ಇನ್ನೂ ಜಾಗವಿರುತ್ತದೆ.”

ಮೂರನೆಯ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದ ರುಕ್ಮಣಿಯ ಅಣ್ಣ ಕುಪ್ಪುಸಾಮಿಯ ಕಡೆಗೆ ಸಭೆಯೆಲ್ಲ ತಿರುಗಿತು. ಅವನು ಎಲೆಯನ್ನು ಮೆಲ್ಲನೆ ಮಡಚಿದ.

“ಮೂರನೇ ಕುಲ, ಲಾಳಿ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡುವುದೇ ಕೆಲಸ. ತನ್ನದೆಂಬ ಸರಕಿಲ್ಲ.”

ಸಂಬಂಧ ಕುದುರಿಸಲು ತಿರುಪ್ಪೂರಿಗೂ ಕರುಮತ್ತಂಪಟ್ಟಿಗೂ ಎಂಟು ಸಲ ಬಸ್ಸು ಹತ್ತಿದ್ದ ಜಾನಮ್ಮ ಸೆರಗು ಬಿಗಿದುಕೊಂಡಳು. ತನ್ನನ್ನು ಇಷ್ಟು ಚೆನ್ನಾಗಿ ಬಲ್ಲವರು ಯಾರೆಂದು ಅವಳಿಗೆ ತಿಳಿಯಲಿಲ್ಲ.

“ನಾಲ್ಕನೇ ಕುಲ. ಸದ್ದು ಬಹಳ, ಸಾಗುವುದು ಕಡಿಮೆ. ಒಡೆದು ಹಳೇ ಕಬ್ಬಿಣಕ್ಕೆ ಹಾಕತಕ್ಕವು.”

ಈ ಸಲ ಯಾರೂ ಯಾರನ್ನೂ ನೋಡಲಿಲ್ಲ. ಎಲ್ಲರೂ ಗೋಡೆಯ ಮೇಲಿದ್ದ ಚೌಡೇಶ್ವರಿ ತಾಯಿಯ ಪಟವನ್ನೇ ಭಕ್ತಿಯಿಂದ ನೋಡಿದರು. ಪಟ್ಟಿ ಅಲ್ಲಿಗೆ ಮುಗಿದಿತ್ತು.

ಇದೇನೆಂದು ಜನ ಯಜಮಾನನನ್ನು ಕೇಳಿದರು. ಪೊನ್ನುಸಾಮಿಗೆ ಒಂದು ಅಕ್ಷರವೂ ತಿಳಿದಿರಲಿಲ್ಲ. ತಿಳಿಯದು ಎಂದು ಹೇಳಿದ ಅಭ್ಯಾಸವೂ ಇರಲಿಲ್ಲ. ಮೀಸೆ ಸವರಿ, ಇದು ಮೂಲ ಕುಲದ ಓಲೆ, ಹಿರಿಯರು ಬೆಟ್ಟ ಇಳಿದು ಈ ಸೀಮೆಗೆ ಬರುವಾಗ ತಂದದ್ದು, ನಮ್ಮ ತಾತ ಹೇಳುತ್ತಿದ್ದ ಎಂದ. ಈಗ ಎಲ್ಲರೂ ಹೇಳಿಕೊಳ್ಳುವ ಕುಲಗಳು ಇದರಿಂದ ಒಡೆದ ಚೂರುಗಳಂತೆ. ಅದನ್ನು ಕೇಳಿ ಇನ್ನೂ ನಾಲ್ಕು ಮುದುಕರಿಗೆ ತಮ್ಮ ತಾತಂದಿರೂ ಹೇಳುತ್ತಿದ್ದದ್ದು ನೆನಪಾಯಿತು.

ಮೈಲ್‌ಸಾಮಿ ತಟ್ಟೆಯನ್ನು ಕೆಳಗಿಟ್ಟು ಕೈ ಮುಗಿದ. “ಯಜಮಾನ್ರೇ, ಅದು ಮನುಷ್ಯರ ಕುಲ ಅಲ್ಲೀಂಗ. ನಾನು ಬರ್ದಿರೋ ಕತೆ. ಆಕಾಶದಾಗೆ ಓಡೋ ಹಡಗು.”

“ಆಕಾಶದಾಗೆ ನೀರು ಎಲ್ಲೈತಪ್ಪಾ?” ಎಂದು ಪೊನ್ನುಸಾಮಿ ಕೇಳಿದ.

ಸಭೆ ನಕ್ಕಿತು. ಓಲೆಯನ್ನು ಒಬ್ಬನೇ ಇಟ್ಟುಕೊಳ್ಳಲು ಮೈಲ್‌ಸಾಮಿ ಹೀಗೆ ಹೇಳುತ್ತಿದ್ದಾನೆಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ರುಕ್ಮಣಿ ಒಳಗಿನಿಂದ ಸರಿಯಾದ ಹಾಳೆಯನ್ನು ತಂದಳು. ಅದಕ್ಕೆ ಅರಿಸಿನವಿಲ್ಲ, ಅದು ಸಲ್ಲದು ಎಂದರು.

ಆಮೇಲೆ ನಿಜವಾದ ಜಗಳ ಹುಟ್ಟಿತು. ಗೋಪಾಲಸಾಮಿ ಎದ್ದು ನಿಂತು, ಗಂಡಿನ ಕಡೆಯವರು ಒಂದನೇ ಕುಲವಲ್ಲದೆ ಬೇರೇನಾಗಲು ಸಾಧ್ಯ ಎಂದ. ತನ್ನ ಅಜ್ಜ ಎದುರು ಬಂದವರನ್ನು ಸುಡದಿದ್ದರೂ ಬೈಯುತ್ತಿದ್ದದ್ದಕ್ಕೆ ಸಾಕ್ಷಿಯಿತ್ತು. ಹೊಟ್ಟೆಯ ಅವಮಾನವನ್ನು ನುಂಗಿ ಕುಳಿತಿದ್ದ ಕುಪ್ಪುಸಾಮಿಗೆ ಇದನ್ನು ಸಹಿಸಲಾಗಲಿಲ್ಲ. ಹಾಗಾದರೆ ನಮ್ಮ ಹುಡುಗಿ ಹಳೇ ಕಬ್ಬಿಣದ ಮನೆಯಿಂದ ಬರುತ್ತಾಳೆಯೇ ಎಂದು ಕೇಳಿದ. ಮಗ್ಗದ ಮುಂದೆ ಹಗಲೆಲ್ಲ ಒಂದೇ ನೂಲು ನೇಯುವ, ಒಂದೇ ಗಂಜಿ ಹಾಕುವ ಜನ, ಅರ್ಧ ಗಳಿಗೆಯಲ್ಲಿ ನಾಲ್ಕು ಜಾತಿ ಹಂಚಿಕೊಳ್ಳಲು ಕೂತರು. ಎರಡನೆಯದೂ ಮೂರನೆಯದೂ ಯಾರಿಗೂ ಬೇಡ. ನಾಲ್ಕನೆಯದು ಪಕ್ಕದ ಬೀದಿಯವರದೆಂದು ಎಲ್ಲರೂ ಒಪ್ಪಿದರು. ಒಂದನೆಯದಕ್ಕೆ ಮಾತ್ರ ಬಸ್ಸಿನ ಬಾಗಿಲಲ್ಲಿ ಆಗುವಂಥ ನೂಕಾಟ.

ಗಡಿಯಾರ ಹತ್ತೂಕಾಲು ತೋರಿಸಿತು. ಗೋಪಾಲಸಾಮಿ ಚಪ್ಪಲಿಗೆ ಕಾಲಿಟ್ಟ. ಅಡಿಗೆಮನೆಯ ಬಾಗಿಲಲ್ಲಿ ಶಿವಗಾಮಿ ಪಟ್ಟೆಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಅವಳ ಮುಖ ನೋಡಿದ ಮೈಲ್‌ಸಾಮಿಗೆ ಚೌಡೇಶ್ವರಿ ತಾಯಿಯೇ ಬುದ್ಧಿ ಕೊಟ್ಟಂತಾಯಿತು.

“ಸಂಬಂದಿ, ಕೇಳಿ. ಜಗಳ ಯಾಕೆ? ನೀವೂ ಒಂದನೇ ಕುಲ, ನಾವೂ ಒಂದನೇ ಕುಲ. ಎರಡು ಮನೇನೂ ಸಮ.”

ಗದ್ದಲ ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಇಳಿಯಿತು. ಸಮ ಎಂದಾಗ ಗೋಪಾಲಸಾಮಿಗೆ ಸೋಲಿಲ್ಲ, ಕುಪ್ಪುಸಾಮಿಗೂ ಇಲ್ಲ. ಪೊನ್ನುಸಾಮಿ ಇದೇ ತನ್ನ ತೀರ್ಪೂ ಹೌದೆಂದು, ಹಾಳೆಯ ಕೆಳಗೆ ಆಫೀಸರಿಂದ ಎರಡು ಮನೆಯ ಹೆಸರನ್ನೂ ಬರೆಸಿ ಹೆಬ್ಬೆಟ್ಟು ಒತ್ತಿದ. ಬೀಗರಿಬ್ಬರೂ ತಬ್ಬಿಕೊಂಡರು. ಮೈಲ್‌ಸಾಮಿ ಕಣ್ಣೊರಸಿಕೊಂಡು ತಟ್ಟೆ ಎತ್ತಿದ. ಇನ್ನೂ ಎಂಟು ನಿಮಿಷ ಉಳಿದಿತ್ತು.

ಆಗ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಗಂಡಿನ ಅಜ್ಜಿ ಸುಬ್ಬಾತಾಳ್ ಕುಟ್ಟುವುದನ್ನು ನಿಲ್ಲಿಸಿದಳು.

“ಎರಡು ಮನೇನೂ ಒಂದೇ ಕುಲ ಅಂದ್ರೆ ಪಂಗಾಳಿ, ದಾಯಾದಿ ಅಲ್ಲವಾ? ಪಂಗಾಳಿ ಮಕ್ಳು ಅಣ್ಣ ತಂಗಿ. ಅಣ್ಣಂಗೂ ತಂಗಿಗೂ ಹೆಂಗೆ ಕಲ್ಯಾಣ ಮಾಡ್ತೀರಿ?”



ಮೈಲ್‌ಸಾಮಿ ಪೊನ್ನುಸಾಮಿಯ ಕಾಲು ಹಿಡಿದ. ತಾನು ಎರಡನೇ ಕುಲಕ್ಕೆ ಹೋಗುತ್ತೇನೆಂದ. ಲಾಳಿಯಾದರೂ ಸರಿ, ಹಳೇ ಕಬ್ಬಿಣವಾದರೂ ಸರಿ ಎಂದ.

“ಕುಲ ಏನು ಬಸ್ ಸೀಟಾ, ಎದ್ದೋಗಿ ಬೇರೆ ಕಡೆ ಕೂತ್ಕೊಳ್ಳೋಕೆ?” ಎಂದು ಪೊನ್ನುಸಾಮಿ, ಮಸಿ ಒಣಗದ ಹೆಬ್ಬೆಟ್ಟನ್ನು ಎತ್ತಿ ತೋರಿಸಿದ.

ಹತ್ತೂವರೆ ಹೊಡೆಯಿತು. ಹಿಂದಿನ ಮೂರು ಸಂಬಂಧದವರು ಮುಖ ಗಂಟಿಕ್ಕಿಕೊಂಡು ಹೋಗಿದ್ದರು. ಇವರು ಹಾಗೆ ಹೋಗಲಿಲ್ಲ. ಗೋಪಾಲಸಾಮಿ ಮೈಲ್‌ಸಾಮಿಯ ಹೆಗಲ ಮೇಲೆ ಕೈ ಹಾಕಿ, ಇಷ್ಟು ವರ್ಷ ಒಡಹುಟ್ಟಿದವರಿಲ್ಲವೆಂದು ಕೊರಗುತ್ತಿದ್ದೆ, ಇನ್ನು ಆ ಕೊರಗಿಲ್ಲ ಎಂದ. ಬಡಿಸಿದ ಪಾಯಸವನ್ನು ಬಿಡಬಾರದೆಂದು ಎಲ್ಲರನ್ನೂ ಕೂರಿಸಿ ತಾನೇ ಮುಂದೆ ನಿಂತು ಉಪಚರಿಸಿದ.

“ನೀನು ಕವಲೆ ಬಿಡು, ಚಿಂತೆ ಮಾಡ್ಬೇಡ ಅಣ್ಣಾ,” ಎಂದ, ಹೊರಡುವಾಗ. “ಶಿವಗಾಮಿ ಇನ್ಮೇಲೆ ನಮ್ಮನೆ ಹುಡುಗಿ. ಅವಳಿಗೆ ಗಂಡು ನೋಡೋ ಪೊರುಪ್ಪು, ಆ ಹೊಣೆ ನಂದು.”

ಕೊನೆಗೆ ದೇವರಾಜನ್ ಬಂದು ಮೈಲ್‌ಸಾಮಿಯ ಕಾಲಿಗೆ ಬಿದ್ದ. ಬೆಳಿಗ್ಗೆ ಬರುವಾಗಲೂ ಬಿದ್ದಿದ್ದ. ಆಗ ‘ಮಾವ’ ಎಂದಿದ್ದ. ಈಗ ಅಪ್ಪನ ಮುಖ ನೋಡಿದ, ಅಡಿಗೆಮನೆಯ ಮುಚ್ಚಿದ ಬಾಗಿಲನ್ನು ನೋಡಿದ.

“ಹೋಗ್ಬರ್ತೀನಿ, ದೊಡ್ಡಪ್ಪಾ.”