ಬೆಂಚಿನ ಮೇಲಿನ ಅಸಮಾಧಾನಗಳ ಇತ್ಯರ್ಥ

ಪಾಲಾರ್ ಯಂತ್ರಭಾಗಗಳ ಕಾರ್ಖಾನೆಯಲ್ಲಿ ಅಸಮಾಧಾನ ಎಂಬುದು ಮನಸ್ಸಿನಲ್ಲಿ ಹುಟ್ಟುವುದಿಲ್ಲ; ಅರ್ಜಿಯ ಮೇಲೆ ಸ್ವೀಕೃತಿ ಮುದ್ರೆ ಬಿದ್ದಾಗ ಹುಟ್ಟುತ್ತದೆ, ಷರಾ ಬರೆದು ಕಡತ ಮುಚ್ಚಿದಾಗ ಸಾಯುತ್ತದೆ. ಈ ಎರಡರ ನಡುವಿನ ಅವಧಿಗೆ ಬಾಕಿ ಎಂದು ಹೆಸರು. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಲ್ಲಿರುವ ಆ ಕಾರ್ಖಾನೆಯ ಕುಂದುಕೊರತೆ ವಿಭಾಗದಲ್ಲಿ ಕಳೆದ ಜೂನ್ ಕೊನೆಗೆ ನಲವತ್ತೆರಡು ಬಾಕಿ ಇದ್ದವು. ಅವುಗಳಲ್ಲಿ ಹತ್ತೊಂಬತ್ತು ಒಬ್ಬನವೇ.

ಆ ಒಬ್ಬ ಸೆಲ್ವರಾಜ್, ವೆಲ್ಡರ್. ಕೆಜಿಎಫ್‌ನ ನಂದಿದುರ್ಗ ಗಣಿ ಕಾರ್ಮಿಕರ ಸಾಲುಮನೆಗಳಿರುವ ಲೈನಿನಿಂದ ಎಂಟಕ್ಕೆ ಮುಂಚೆ ಬಂದು, ಹಾಜರಿ ಹಾಕಿ, ಕುಂದುಕೊರತೆ ವಿಭಾಗದ ಎದುರಿನ ಬೆಂಚಿನ ಮೇಲೆ ನಾಲ್ಕೂವರೆ ತನಕ ಕೂತು ಮನೆಗೆ ಹೋಗುವುದು ಅವನ ಕರ್ತವ್ಯವಾಗಿತ್ತು. ಆರು ವರ್ಷದ ಹಿಂದೆ ಮೂರನೇ ಶೆಡ್ ಮುಚ್ಚಿದಾಗ ಅಲ್ಲಿದ್ದವರನ್ನೆಲ್ಲ ಬೇರೆ ಶೆಡ್ಡುಗಳಿಗೆ ಹಾಕಿದರು. ಆ ವಾರ ಸೆಲ್ವರಾಜ್ ಮಗಳ ಮದುವೆಗೆ ರಜೆ ಹಾಕಿದ್ದ. ವಾಪಸು ಬಂದಾಗ ಅವನನ್ನು ವರ್ಗ ಮಾಡಲು ಮೂರನೇ ಶೆಡ್ಡಿನ ಮುಖ್ಯಸ್ಥರ ಸಹಿ ಬೇಕಾಯಿತು. ಶೆಡ್ಡೇ ಇಲ್ಲದ್ದರಿಂದ ಮುಖ್ಯಸ್ಥರೂ ಇರಲಿಲ್ಲ. ಸಂಬಳ ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ. ಹೀಗಾಗಿ ಅವನ ಅರ್ಜಿ ಯಾರಿಗೂ ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ಹತ್ತೊಂಬತ್ತರಲ್ಲೂ ಇದ್ದದ್ದು ಒಂದೇ ಸಾಲು: ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತನಾಗುವ ಮೊದಲು ಒಂದು ದಿನವಾದರೂ ವೆಲ್ಡಿಂಗ್ ಕೆಲಸ ಕೊಡಬೇಕು.

"ಕೂತ್ಕೊಂಡೇ ರಿಟೈರ್ ಆದೆ ಅಂದ್ರೆ ಅಸಿಂಗ ಸಾರ್, ನಾಚ್ಕೆ ಆಗುತ್ತೆ. ಲೈನಲ್ಲಿ ಎಲ್ರೂ ಕೆಲಸ ಮಾಡೇ ರಿಟೈರ್ ಆಗಿರೋದು," ಎಂದು ಅವನು ಒಂದೊಂದು ಅರ್ಜಿಯ ಜೊತೆಗೂ ಬಾಯಿಮಾತಿನಲ್ಲಿ ಹೇಳುತ್ತಿದ್ದ.

"ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ ಸೆಲ್ವಣ್ಣ," ಎಂದು ಮುದ್ರೆ ಒತ್ತುತ್ತಿದ್ದವನು ಹಿರಿಯ ಗುಮಾಸ್ತ ಚೆನ್ನಕೇಶವ. ಚಿತ್ರದುರ್ಗದ ಕಡೆಯವನು, ಮಿತಭಾಷಿ. ಅವನಿಗಿದ್ದದ್ದು ಒಂದೇ ಚಟ. ಊಟದ ಬಿಡುವಿನಲ್ಲಿ ಕಚೇರಿಯ ಕಂಪ್ಯೂಟರ್‌ನಲ್ಲಿ ಫುಟ್‌ಬಾಲ್ ತಂಡ ನಡೆಸುವ ಆಟ ಆಡುತ್ತಿದ್ದ. ಆ ಆಟದಲ್ಲಿ ಚೆಂಡು ಒದೆಯುವ ಕೆಲಸವಿಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಕೂತವನಿಗೆ ಏನು ಸಮಾಧಾನ ಹೇಳಬೇಕು ಎಂಬ ಆಡಳಿತವಷ್ಟೇ. ಅವನು ಕಾಮಸಮುದ್ರ ಯುನೈಟೆಡ್ ಎಂದು ಹೆಸರಿಟ್ಟು ಕಟ್ಟಿದ ತಂಡ ಮೂರು ವರ್ಷದಲ್ಲಿ ತೀರಾ ಕೆಳಗಿನಿಂದ ಎರಡನೇ ಸ್ಥಾನಕ್ಕೆ ಬಂದಿತ್ತು. ಈ ವಿಷಯದಲ್ಲಿ ಅವನಿಗೆ ಹೊರಗೆ ತೋರಿಸಿಕೊಳ್ಳದ ಹೆಮ್ಮೆಯಿತ್ತು.

ಜುಲೈ ಮೊದಲ ವಾರ ಡುವಾರ್ಟೆ ಎಂಬ ಆಟಗಾರ ತನ್ನನ್ನು ಐದು ಪಂದ್ಯಗಳಿಂದ ಬೆಂಚಿನಲ್ಲೇ ಕೂರಿಸಿದ್ದಾರೆಂದು ಪರದೆಯ ಮೇಲೆ ದೂರು ಕೊಟ್ಟ. ಕೆಳಗೆ ನಾಲ್ಕು ಉತ್ತರಗಳು ಸಿದ್ಧವಾಗಿದ್ದವು. ಚೆನ್ನಕೇಶವ 'ನಿನ್ನ ಸರದಿ ಸದ್ಯದಲ್ಲೇ ಬರಲಿದೆ' ಎಂಬುದನ್ನು ಒತ್ತಿದ. ಡುವಾರ್ಟೆಯ ಮುಖದ ಪಕ್ಕದ ಕೆಂಪು ಗುರುತು ಹಸಿರಾಯಿತು.

"ಎಷ್ಟು ಹೊತ್ತು ಹಿಡೀತು?" ಎಂದು ಹಿಂದಿನಿಂದ ಒಂದು ದನಿ ಕೇಳಿತು. ವಿಭಾಗದ ವ್ಯವಸ್ಥಾಪಕರಾದ ಶಶಿಧರ್ ನಿಂತಿದ್ದರು.

ಚೆನ್ನಕೇಶವ ಎದ್ದು ನಿಂತ. "ಹನ್ನೊಂದು ಸೆಕೆಂಡು ಸರ್."

"ನಮ್ಮ ವಿಭಾಗದ ಸರಾಸರಿ ಎಷ್ಟು?"

"ನಾಲ್ಕು ವರ್ಷ ಏಳು ತಿಂಗಳು ಸರ್."

ಶಶಿಧರ್ ಕುರ್ಚಿ ಎಳೆದುಕೊಂಡು ಕೂತರು. ಇತ್ಯರ್ಥದ ಪ್ರಮಾಣ ಶೇಕಡಾ ತೊಂಬತ್ತು ಮುಟ್ಟದಿದ್ದರೆ ವಿಭಾಗವನ್ನೇ ಮುಚ್ಚುವುದಾಗಿ ಪ್ರಧಾನ ಕಚೇರಿಯಿಂದ ಅಂದು ಬೆಳಿಗ್ಗೆಯಷ್ಟೇ ಪತ್ರ ಬಂದಿತ್ತು.

"ಅಲ್ರೀ, ಅಸಮಾಧಾನಗೊಂಡವನು ನಮ್ಮ ನೌಕರನೇ ಆಗಿರಬೇಕು ಅಂತ ನಿಯಮದಲ್ಲಿ ಇದೆಯಾ?"

ಚೆನ್ನಕೇಶವ ನಿಯಮಾವಳಿ ತೆಗೆದು ನೋಡಿದ. "'ಯಾರೇ ಆಗಲಿ' ಅಂತಿದೆ ಸರ್."

"ಮತ್ತೆ?" ಎಂದರು ಶಶಿಧರ್.

ಮರುದಿನ ಏಳನೇ ಸುತ್ತೋಲೆ ಹೊರಬಿತ್ತು. 'ಕಂಪ್ಯೂಟರ್‌ನಲ್ಲಿ ವಾಸಿಸುವವರ ಅಸಮಾಧಾನವನ್ನು ಇತರರ ಅಸಮಾಧಾನಕ್ಕೆ ಸಮನಾಗಿ ಪರಿಗಣಿಸತಕ್ಕದ್ದು. ಸದರಿ ಅರ್ಜಿದಾರರು ಖುದ್ದು ಹಾಜರಾಗಲು ಅಶಕ್ತರಾದ ಕಾರಣ ಅವರ ಪರವಾಗಿ ಗುಮಾಸ್ತರೇ ಹೆಬ್ಬೆಟ್ಟು ಒತ್ತತಕ್ಕದ್ದು.' ಆಡಳಿತ ಭಾಷೆ ಕನ್ನಡವಾದ್ದರಿಂದ ಡುವಾರ್ಟೆಯ ದೂರನ್ನು ಚೆನ್ನಕೇಶವ ಕನ್ನಡಕ್ಕೆ ಇಳಿಸಿದ. 'ಮಾನ್ಯರೇ, ನಾನು ಈ ಮೂಲಕ ಕೇಳಿಕೊಳ್ಳುವುದೇನೆಂದರೆ' ಎಂದು ಅದು ಶುರುವಾಗುತ್ತಿತ್ತು.

ಸಮಸ್ಯೆ ಬಂದದ್ದು ಎರಡನೇ ವಾರದಲ್ಲಿ. ದೂರು ಕೊಡುವವರು ಮುಗಿದುಹೋದರು. ಆಡುತ್ತಿರುವವನಿಗೆ ಅಸಮಾಧಾನ ಇರುವುದಿಲ್ಲ. ಏನೂ ಬಾರದವನನ್ನು ಕೂರಿಸಿದರೆ ಅವನೂ ಸುಮ್ಮನಿರುತ್ತಾನೆ. ಚೆನ್ನಾಗಿ ಆಡುವವನನ್ನು ಕೂರಿಸಿದಾಗ ಮಾತ್ರ ಒಳ್ಳೆಯ, ಇತ್ಯರ್ಥಯೋಗ್ಯ ಅಸಮಾಧಾನ ಹುಟ್ಟುತ್ತದೆ. ಶಶಿಧರ್ ಅವರ ಲಿಖಿತ ಸೂಚನೆಯಂತೆ ಚೆನ್ನಕೇಶವ ತನ್ನ ಹನ್ನೊಂದು ಮಂದಿಯನ್ನೂ ಬೆಂಚಿಗೆ ಕಳಿಸಿದ. ಸಾಲದೆಂದು ಬೇರೆ ತಂಡಗಳಿಂದ ಹೆಸರಾಂತ ಆಟಗಾರರನ್ನು ತಂದು, ಬಂದ ದಿನವೇ ಕೂರಿಸಿದ. ಮೈದಾನದಲ್ಲಿ ಏನೂ ಬಾರದವರು ಆಡಿದರು. ಡಿಸೆಂಬರ್ ಹೊತ್ತಿಗೆ ಕಾಮಸಮುದ್ರ ಯುನೈಟೆಡ್ ಪಟ್ಟಿಯ ಕೊನೆಗೆ ಇಳಿದಿತ್ತು. ಹಾಗೆ ಇಳಿದ ದಿನ ಚೆನ್ನಕೇಶವ ಊಟದ ಡಬ್ಬಿ ತೆರೆಯದೆ ವಾಪಸು ಒಯ್ದ, ಅರ್ಜಿ ಮಾತ್ರ ಕೊಡಲಿಲ್ಲ.

ಡಿಸೆಂಬರ್ ಮೂವತ್ತೊಂದಕ್ಕೆ ಆಟಗಾರರ ಅರ್ಜಿಗಳು ಮುನ್ನೂರ ಎಂಬತ್ತೆಂಟು. ಎಲ್ಲವೂ ಇತ್ಯರ್ಥ. ಹಳೆಯ ನಲವತ್ತೆರಡು ಬಾಕಿಯನ್ನು ಸೇರಿಸಿದರೂ ಪ್ರಮಾಣ ತೊಂಬತ್ತು ದಾಟಿತು. ಪ್ರಧಾನ ಕಚೇರಿ ಸಂತೋಷ ವ್ಯಕ್ತಪಡಿಸಿತು. ತೊಂಬತ್ತನಾಲ್ಕು ದಾಟಿದ ವಿಭಾಗಕ್ಕೆ ಫಲಕವೂ ವ್ಯವಸ್ಥಾಪಕರಿಗೆ ಬಡ್ತಿಯೂ ಇದೆಯೆಂದು ಅದೇ ಪತ್ರದ ಕೊನೆಯಲ್ಲಿ ತಿಳಿಸಿತು.

ಶಶಿಧರ್ ಲೆಕ್ಕ ಹಾಕಿ ನೋಡಿದರು. ಸೆಲ್ವರಾಜನ ಹತ್ತೊಂಬತ್ತು ಮುಚ್ಚಿದರೆ ಸಾಕಿತ್ತು. ಫೆಬ್ರವರಿ ಹತ್ತರಂದು ಅವನನ್ನು ಒಳಗೆ ಕರೆಸಿ, ಡುವಾರ್ಟೆಯ ಕಡತ ತೋರಿಸಿ, ಅವನಿಗೆ ಕೊಟ್ಟ ಉತ್ತರವನ್ನೇ ಓದಿ ಹೇಳಿದರು: "ನಿನ್ನ ಸರದಿ ಸದ್ಯದಲ್ಲೇ ಬರಲಿದೆ."

ಸೆಲ್ವರಾಜ್ ಚೆನ್ನಕೇಶವನ ಕಡೆ ತಿರುಗಿದ. "ಆ ಹುಡುಗನ್ಗೆ ಆಮೇಲೆ ಆಡಕ್ಕೆ ಕೊಟ್ರಾ ಸಾರ್?"

"ಇಲ್ಲ."

"ಅವ್ನೇನ್ ಮಾಡ್ದ?"

"ಮತ್ತೆ ಅರ್ಜಿ ಕೊಟ್ಟ."

"ಎಷ್ಟು?"

"ಮೂವತ್ತೊಂದು."

"ನನ್ಗಿಂತ ಜಾಸ್ತಿ," ಎಂದ ಸೆಲ್ವರಾಜ್, ಗೌರವದಿಂದ.

ಶಶಿಧರ್ ಕೆಮ್ಮಿದರು. "ನೋಡಿ ಸೆಲ್ವರಾಜ್, ಇಲ್ಲಿ ನಿಮ್ಮನ್ನ ವರ್ಗ ಮಾಡಕ್ಕಾಗಲ್ಲ, ಸಹಿ ಹಾಕೋರಿಲ್ಲ. ಆದ್ರೆ ಆ ಆಟದಲ್ಲಿ ಹೊಸ ಆಟಗಾರನನ್ನ ಸೃಷ್ಟಿ ಮಾಡೋಕೆ ಅವಕಾಶ ಇದೆ. ನಿಮ್ಮ ಹೆಸರಲ್ಲಿ ಒಬ್ಬನ್ನ ಇಳಿಸ್ತೀವಿ. ಬೆಂಚಿಂದ ಎದ್ದಂಗಾಯ್ತಲ್ಲ?"

"ನಂಗೆ ವೆಲ್ಡಿಂಗ್ ಬೇಕಿತ್ತು ಸಾರ್."

"ಆ ಆಟದಲ್ಲಿ ವೆಲ್ಡಿಂಗ್ ಇಲ್ಲ."

ಇದು ನಿಜವೇ ಆದ್ದರಿಂದ ಸೆಲ್ವರಾಜ್ ವಾದಿಸಲಿಲ್ಲ. ಚೆನ್ನಕೇಶವ ಪರದೆಯಲ್ಲಿ ಖಾಲಿ ನಮೂನೆ ತೆರೆದು, ಎತ್ತರ, ತೂಕ, ಬಲಗಾಲೋ ಎಡಗಾಲೋ ಎಂದು ಒಂದೊಂದಾಗಿ ಕೇಳಿದ. ಸೆಲ್ವರಾಜ್ ಕುರ್ಚಿಯ ತುದಿಗೆ ಸರಿದು ಕೂತ. ಆರು ವರ್ಷಗಳಲ್ಲಿ ಆ ಕಾರ್ಖಾನೆಯಲ್ಲಿ ಅವನಿಗೆ ಏನು ಬರುತ್ತದೆಂದು ಯಾರಾದರೂ ಕೇಳಿದ್ದು ಅದೇ ಮೊದಲು. ಪ್ರತಿ ಪ್ರಶ್ನೆಗೂ ಯೋಚಿಸಿ ಉತ್ತರ ಕೊಟ್ಟ.

"ಯಾವ ಜಾಗದಲ್ಲಿ ಆಡ್ತೀರಾ ಸೆಲ್ವಣ್ಣ?"

"ಎಲ್ಲಿ ಕೆಲಸ ಜಾಸ್ತಿನೋ ಅಲ್ಲಿ ಹಾಕಿ ಸಾರ್."

ಚೆನ್ನಕೇಶವ ಅವನನ್ನು ಮೈದಾನದ ನಡುಮಧ್ಯಕ್ಕೆ ಹಾಕಿದ. ವಯಸ್ಸಿನ ಕಾಲಂ ಮಾತ್ರ ಐವತ್ತೊಂಬತ್ತನ್ನು ಒಪ್ಪಲಿಲ್ಲ, ನಲವತ್ತಕ್ಕೆ ನಿಂತಿತು. ಸೇವಾ ಪುಸ್ತಕಕ್ಕೂ ಆಟಕ್ಕೂ ಇರುವ ಈ ವ್ಯತ್ಯಾಸವನ್ನು ಶಶಿಧರ್ ವಿಶೇಷ ಪ್ರಕರಣವೆಂದು ಮನ್ನಿಸಿದರು.

ಫೆಬ್ರವರಿ ಹದಿನೇಳರ ಪಂದ್ಯಕ್ಕೆ ಇಡೀ ಆಡಳಿತ ಬ್ಲಾಕ್ ಊಟ ಬಿಟ್ಟು ಸೇರಿತು. ಸೆಲ್ವರಾಜ್ ಒಗೆದ ಸಮವಸ್ತ್ರ ಹಾಕಿ ಬಂದಿದ್ದ. ಎಂಬತ್ತಮೂರನೇ ನಿಮಿಷಕ್ಕೆ ಚೆನ್ನಕೇಶವ ಅವನನ್ನು ಇಳಿಸಿದ. ಪರದೆಯ ಮೇಲೆ ಒಂದು ಚಿಕ್ಕ ಆಕೃತಿ ಓಡಿತು, ಯಾರಿಂದಲೋ ಚೆಂಡು ಕಸಿದುಕೊಂಡಿತು, ಇನ್ಯಾರಿಗೋ ಕೊಟ್ಟಿತು, ಆ ಇನ್ಯಾರೋ ಗೋಲು ಹೊಡೆದ. ಏಳು ತಿಂಗಳ ನಂತರ ಕಾಮಸಮುದ್ರ ಯುನೈಟೆಡ್ ಮುಂದಿತ್ತು. ಚೆನ್ನಕೇಶವ ಕನ್ನಡಕ ತೆಗೆದು ಒರೆಸಿಕೊಂಡ. 'ಅವಕಾಶ ದೊರೆತಿದೆ, ಅಸಮಾಧಾನವಿಲ್ಲ' ಎಂಬ ಪತ್ರಗಳನ್ನು, ಅರ್ಜಿಗೊಂದರಂತೆ, ಶಶಿಧರ್ ಮುಂದಕ್ಕೆ ನೂಕಿದರು. ಸೆಲ್ವರಾಜ್ ಪರದೆಯಿಂದ ಕಣ್ಣು ತೆಗೆಯದೆ ಹತ್ತೊಂಬತ್ತು ಸಹಿ ಹಾಕಿದ.

ತೊಂಬತ್ತನೇ ನಿಮಿಷದಲ್ಲಿ ಆ ಆಕೃತಿ ಬಿದ್ದಿತು. ಕೆಳಗೆ ಬರಹ ಮೂಡಿತು: ಬಲ ಮೊಣಕಾಲಿಗೆ ಪೆಟ್ಟು, ಆರು ವಾರ ವಿಶ್ರಾಂತಿ.

"ಕೆಲಸದ ವೇಳೆಯಲ್ಲಿ ಆದ ಪೆಟ್ಟು," ಎಂದರು ಶಶಿಧರ್. "ನಿಯಮ ಪ್ರಕಾರ ಆಸ್ಪತ್ರೆಗೆ ಕಳಿಸಲೇಬೇಕು." ಸ್ಟ್ರೆಚರ್ ಬಂತು. ನಡೆದೇ ಬರುತ್ತೇನೆಂದು ಸೆಲ್ವರಾಜ್ ಹೇಳಿದ್ದನ್ನು ಧೈರ್ಯ ಎಂದು ದಾಖಲಿಸಲಾಯಿತು.

ಕಾರ್ಖಾನೆಯ ವೈದ್ಯೆ ಡಾಕ್ಟರ್ ವನಿತಾ ಮೊಣಕಾಲು ಒತ್ತಿ ನೋಡಿದರು. "ನೋವಿದೆಯಾ?"

"ಇಲ್ಲ ಮೇಡಂ."

"ಕಂಪ್ಯೂಟರ್‌ನಲ್ಲಿ ಇದೆ ಅಂತ ಬಂದಿದೆ. ನೀವು ಇಲ್ಲ ಅಂತೀರಿ. ನಾನು ಯಾವುದನ್ನ ಬರೀಲಿ?"

ಸೆಲ್ವರಾಜ್ ಯೋಚಿಸಿದ. "ಕಂಪ್ಯೂಟರ್‌ಗೆ ಗೊತ್ತಿರುತ್ತೆ ಮೇಡಂ," ಎಂದ.

ಅವರು ಬ್ಯಾಂಡೇಜ್ ಸುತ್ತಿ, ಆರು ವಾರದ ವೈದ್ಯಕೀಯ ರಜೆ ಬರೆದರು. ಫೆಬ್ರವರಿ ಹದಿನೇಳರಿಂದ ಆರು ವಾರ ಎಂದರೆ ಸರಿಯಾಗಿ ಮಾರ್ಚ್ ಮೂವತ್ತೊಂದು. ದಿನಾಂಕಗಳು ಇಷ್ಟು ಅಚ್ಚುಕಟ್ಟಾಗಿ ಕೂಡಿಬಂದದ್ದನ್ನು ತಾವು ಸೇವೆಯಲ್ಲಿ ಕಂಡಿಲ್ಲವೆಂದು ಶಶಿಧರ್ ಹೇಳಿದರು.

ಮೂರು ದಿನ ಬಿಟ್ಟು ಕಾರ್ಖಾನೆಯ ದೊಡ್ಡ ಗೇಟಿನ ಕೀಲು ಮುರಿದು, ಒಳಗಿನ ಲಾರಿಗಳು ಒಳಗೇ ನಿಂತವು. ಉಳಿದ ವೆಲ್ಡರ್‌ಗಳು ತಮ್ಮ ತಮ್ಮ ಶೆಡ್ಡಿಗೆ ಮಾತ್ರ ನೇಮಕವಾದವರು. ಗೇಟು ಯಾವ ಶೆಡ್ಡಿಗೂ ಸೇರಿರಲಿಲ್ಲ. ಯಾವ ಶೆಡ್ಡಿಗೂ ಸೇರದ ಏಕೈಕ ವೆಲ್ಡರ್ ವೈದ್ಯಕೀಯ ರಜೆಯಲ್ಲಿದ್ದುದರಿಂದ ಬಂಗಾರಪೇಟೆಯಿಂದ ಒಬ್ಬರನ್ನು ಕರೆಸಲಾಯಿತು. ಸುದ್ದಿ ಕೇಳಿ ಸೆಲ್ವರಾಜ್ ತನ್ನ ವೆಲ್ಡಿಂಗ್ ಕನ್ನಡಕ ಹಿಡಿದು ಓಡಿ ಬಂದ. ಚೆನ್ನಕೇಶವ ಅವನನ್ನು ಗೇಟಿನ ಹೊರಗೇ ತಡೆದ.

"ಓಡಬಾರದು ಸೆಲ್ವಣ್ಣ. ಮೊಣಕಾಲು."

ಸೆಲ್ವರಾಜ್ ತನ್ನ ಕಾಲನ್ನು ನೋಡಿಕೊಂಡ. ಕಿಡಿ ಹಾರುವುದನ್ನು ಸ್ವಲ್ಪ ಹೊತ್ತು ಹೊರಗಿನಿಂದಲೇ ನೋಡಿದ. ಆಮೇಲೆ ನಿಧಾನವಾಗಿ, ಬಲಗಾಲನ್ನು ಎಳೆಯುತ್ತಾ, ಬಸ್‌ಸ್ಟಾಪಿನ ಕಡೆ ನಡೆದ.

ಮಾರ್ಚಿನಲ್ಲಿ ವಿಭಾಗಕ್ಕೆ ಫಲಕ ಬಂತು. ಶಶಿಧರ್ ಅವರಿಗೆ ಬಡ್ತಿಯಾಯಿತು.

ಏಪ್ರಿಲ್‌ನ ಒಂದು ಭಾನುವಾರ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಚೆನ್ನಕೇಶವನಿಗೆ ಸೆಲ್ವರಾಜ್ ಎದುರಾದ. ಹೆಂಡತಿ ಮಾರಿಯಮ್ಮನ ತೋಳು ಹಿಡಿದು ಕುಂಟುತ್ತಿದ್ದ.

"ಹೇಗಿದೆ ಕಾಲು?"

"ಮೆಟ್ಲು ಹತ್ತಕ್ಕೆ ಕಷ್ಟ ಸಾರ್. ಪರ್ವಾಗಿಲ್ಲ, ಗೆದ್ವಲ್ಲ."

"ಲೈನಲ್ಲಿ ಎಲ್ಲಾ ಕೇಳ್ತಾರೆ ಸಾರ್, ಕೆಲ್ಸದಲ್ಲಿ ಏಟಾಯ್ತಾ ಅಂತ," ಎಂದಳು ಮಾರಿಯಮ್ಮ. ಅವಳ ದನಿಯಲ್ಲಿ ಗರ್ವವಿತ್ತು. "ವಾಸಿ ಆದ್ಮೇಲೆ ಮತ್ತೆ ಆಡಿಸ್ತೀರಾ?"

"ರಿಟೈರ್ ಆದವರನ್ನ ಇಳಿಸೋ ಹಾಗಿಲ್ಲಮ್ಮ. ಆಟದಲ್ಲಿ ಈಗ ಬೆಂಚಲ್ಲಿದಾರೆ."

"ಮತ್ತೆ ಬೆಂಚಾ?" ಅವಳು ಗಂಡನ ಮುಖ ನೋಡಿದಳು. "ಅನ್ಯಾಯ ಅಲ್ವಾ ಸಾರ್ ಇದು? ಒಂದು ಅರ್ಜಿ ಬರ್ಸಿ ಕೊಡ್ಲಾ?"

ಚೆನ್ನಕೇಶವ ಜೇಬಿನಿಂದ ಪೆನ್ನು ತೆಗೆದು ಕೊಟ್ಟ.

"ಇವತ್ತೇ ಕೊಡಿ," ಎಂದ. "ಆಟಗಾರರದು ಬೇಗ ಆಗುತ್ತೆ."